ದೋಣಿಯ ತಳವೂ ನೀರಿನ ಗುಣವೂ

ಸಣ್ಣದೊಂದು ಮೋಟಾರು ದೋಣಿಯನ್ನು ಕೊಳ್ಳಲು ಹೊರಟವರ ಮುಂದೆ, 16 ಅಡಿ ಉದ್ದದ, ಒಂದೇ ಬಣ್ಣದ, ಒಂದೇ ಬಗೆಯ ಎಂಜಿನ್ನನ್ನು ಹೊತ್ತ, ಬೆಲೆಯಲ್ಲಿಯೂ ಹೆಚ್ಚಿನ ಅಂತರವಿಲ್ಲದ ಎರಡು ದೋಣಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದರೆ, ಅವರ ದೃಷ್ಟಿ ಮೊದಲು ಹರಿಯುವುದು ಆಸನಗಳ ಕಡೆಗೆ, ಚುಕ್ಕಾಣಿಯ ಕಡೆಗೆ, ಎಂಜಿನ್ನಿನ ಮೇಲೆ ಬರೆದಿರುವ ಅಶ್ವಶಕ್ತಿಯ ಅಂಕಿಯ ಕಡೆಗೆ. ಬಗ್ಗಿ ದೋಣಿಯ ಅಡಿಭಾಗವನ್ನು ನೋಡುವವರು ವಿರಳ. ಹಾಗೆ ನೋಡಿದವರಿಗೆ ಮಾತ್ರ ಒಂದರ ತಳ ಅಗಲವಾಗಿ ಚಪ್ಪಟೆಯಾಗಿರುವುದೂ, ಇನ್ನೊಂದರ ತಳ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ನಡುವೆ ಕೆಳಕ್ಕಿಳಿದು ಎರಡೂ ಪಕ್ಕಗಳಿಗೆ ಏರುತ್ತ ಹೋಗಿರುವುದೂ ಗೋಚರಿಸುತ್ತದೆ. ಆಸನವನ್ನು ಬದಲಾಯಿಸಬಹುದು, ಎಂಜಿನ್ ಸವೆದರೆ ಹೊಸದನ್ನು ತರಬಹುದು, ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಆದರೆ ನೀರಿಗಿಳಿದೊಡನೆಯೇ ಕಣ್ಮರೆಯಾಗುವ ಆ ತಳವನ್ನು ಮಾತ್ರ, ದೋಣಿ ಬಾಳುವ ತನಕ, ಕೊಂಡವರು ಕೊಂಡಂತೆಯೇ ಅನುಭವಿಸಬೇಕು. ದೋಣಿಯು ಅಲೆಯಲ್ಲಿ ಹೇಗೆ ನಡೆದುಕೊಳ್ಳುವುದು, ಎಷ್ಟು ಇಂಧನವನ್ನು ಬೇಡುವುದು, ಎದ್ದು ನಿಂತವರನ್ನು ಹೇಗೆ ತಾಳುವುದು, ಎಷ್ಟು ತೆಳುವಾದ ನೀರಿನಲ್ಲಿ ಸಾಗುವುದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಡಗಿರುವುದು ಆ ಕಾಣದ ಭಾಗದಲ್ಲಿಯೇ.

ಈ ಎರಡು ತಳಗಳಲ್ಲಿ ಯಾವುದು ಉತ್ತಮವೆಂದು ಕೇಳುವುದು ವಾಡಿಕೆಯಾದರೂ, ಆ ಪ್ರಶ್ನೆಗೆ ಹಾಗೆಯೇ ಉತ್ತರ ಕೊಡಲಾಗದು. ಏಕೆಂದರೆ ದೋಣಿಯ ಶಿಲ್ಪದಲ್ಲಿ ಪ್ರತಿಯೊಂದು ಗುಣವನ್ನೂ ಮತ್ತೊಂದು ಗುಣವನ್ನು ತೆತ್ತೇ ಪಡೆಯಬೇಕಾಗುತ್ತದೆ. ಅದು ಹೇಗೆಂಬುದನ್ನು ತಿಳಿಯುವುದಕ್ಕೆ ನೀರಿನ ಕೆಲವು ಮೂಲಧರ್ಮಗಳನ್ನು ಮೊದಲು ನೋಡುವುದು ಅವಶ್ಯ.

ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆಂಬ ಆರ್ಕಿಮಿಡೀಸನ ನಿಯಮವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ದೋಣಿ, ಎಂಜಿನ್, ಇಂಧನ, ನಾಲ್ವರು ಮನುಷ್ಯರು, ಅವರ ಸಾಮಾನು ಇವೆಲ್ಲ ಸೇರಿ 800 ಕಿಲೋಗ್ರಾಂ ತೂಗಿದರೆ, ಸಿಹಿನೀರಿನಲ್ಲಿ 800 ಲೀಟರು ನೀರು ಸರಿದು ಜಾಗ ಬಿಡಲೇಬೇಕು; ತಳದ ಆಕಾರ ಯಾವುದೇ ಆಗಿರಲಿ, ಈ ಲೆಕ್ಕದಲ್ಲಿ ರಿಯಾಯಿತಿಯಿಲ್ಲ. ಆದರೆ ಅಷ್ಟು ಜಾಗವನ್ನು ಪಡೆಯುವ ಬಗೆ ಬೇರೆ ಬೇರೆ. ಚಪ್ಪಟೆಯ ತಳವು ತನ್ನ ಅಗಲದಿಂದಲೇ ಅದನ್ನು ಪಡೆದುಕೊಂಡು ನೀರಿನೊಳಕ್ಕೆ ಅತ್ಯಲ್ಪವಾಗಿ ಇಳಿಯುತ್ತದೆ. ವಿ ಆಕಾರದ ತಳವು ನಡುವೆ ಚೂಪಾಗಿರುವುದರಿಂದ ಅಷ್ಟೇ ಜಾಗಕ್ಕಾಗಿ ಹೆಚ್ಚು ಆಳಕ್ಕೆ ಇಳಿಯಬೇಕಾಗುತ್ತದೆ. ಮೊದಲನೆಯ ಭೇದ ಇಲ್ಲಿಯೇ ಹುಟ್ಟುತ್ತದೆ.

ನಿಂತ ದೋಣಿಗೆ ಈ ನಿಯಮವೊಂದೇ ಸಾಕಾದರೂ, ಚಲಿಸುವ ದೋಣಿಗೆ ಇನ್ನೊಂದು ಕಟ್ಟು ಬೀಳುತ್ತದೆ. ಮುಂದಕ್ಕೆ ಸಾಗುವ ದೋಣಿಯು ತನ್ನ ಮೂತಿಯಲ್ಲಿ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಏರಿದಂತೆಲ್ಲ ಆ ಅಲೆ ಉದ್ದವಾಗುತ್ತ ಹೋಗಿ, ಕೊನೆಗೆ ದೋಣಿಯ ಉದ್ದಕ್ಕೆ ಸಮನಾದಾಗ, ಮೂತಿಯು ಒಂದು ಶಿಖರದ ಮೇಲೂ ಹಿಂಬದಿಯು ಮತ್ತೊಂದು ಶಿಖರದ ಮೇಲೂ ಸಿಕ್ಕಿಬಿದ್ದು, ಅಲ್ಲಿಂದಾಚೆಗೆ ಎಷ್ಟು ಶಕ್ತಿಯನ್ನು ಸುರಿದರೂ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುವುದರಲ್ಲಿಯೇ ಆ ಶಕ್ತಿ ವ್ಯಯವಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರನು 1872ರಲ್ಲಿ ಟಾರ್ಕೀ ಪಟ್ಟಣದ ಬಳಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಹಡಗುಗಳ ಚಿಕ್ಕ ಮಾದರಿಗಳನ್ನು ಅದರಲ್ಲಿ ಎಳೆದು, ನೀರು ಒಡ್ಡುವ ಪ್ರತಿರೋಧವನ್ನು ಶಾಸ್ತ್ರೀಯವಾಗಿ ಅಳೆದನು. ದೋಣಿಗಾರರು ಇಂದಿಗೂ ಬಳಸುವ ಸ್ಥೂಲ ಸೂತ್ರವೊಂದುಂಟು: ನೀರಿನ ಗೆರೆಯಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ, ನಾಟ್ ಲೆಕ್ಕದಲ್ಲಿ ಆ ಮಿತಿಯ ವೇಗ ದೊರೆಯುತ್ತದೆ. 16 ಅಡಿಯ ದೋಣಿಗೆ ಅದು 5.4 ನಾಟ್, ಎಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್ ಮಾತ್ರ.

ಈ ಮಿತಿಯನ್ನು ಮೀರಬೇಕಾದರೆ ದೋಣಿಯು ನೀರನ್ನು ಸೀಳಿಕೊಂಡು ಹೋಗುವುದನ್ನು ಬಿಟ್ಟು ನೀರಿನ ಮೇಲಕ್ಕೆ ಏರಿ ಜಾರಬೇಕು. ಕೆರೆಯ ದಂಡೆಯಲ್ಲಿ ನಿಂತ ಬಾಲಕನು ಚಪ್ಪಟೆಯಾದ ಕಲ್ಲನ್ನು ಓರೆಯಾಗಿ ಬೀಸಿ ಎಸೆದಾಗ, ಮುಳುಗಬೇಕಾದ ಕಲ್ಲು ನೀರಿನ ಮೇಲೆ ಪುಟಿಪುಟಿದು ಹೋಗುವುದಕ್ಕೆ ಯಾವುದು ಕಾರಣವೋ ಅದೇ ಇಲ್ಲಿಯೂ ಕಾರಣ. ವೇಗದಿಂದ ಬಂದು ತಗಲುವ ನೀರು ಓರೆಯಾದ ತಳವನ್ನು ಮೇಲಕ್ಕೆ ನೂಕುತ್ತದೆ. ಎಂಜಿನ್ನಿನ ಬಲ ಸಾಕಷ್ಟಿದ್ದಾಗ ದೋಣಿಯ ಮೂತಿ ಮೊದಲು ಮೇಲೆದ್ದು, ಕೆಲವು ಕ್ಷಣ ತಿಣುಕಿ, ಬಳಿಕ ಇಡೀ ಒಡಲು ಸಮವಾಗಿ ನಿಂತು, ತನ್ನ ತೂಕದ ಬಹುಭಾಗವನ್ನು ಈ ನೂಕುವಿಕೆಯ ಮೇಲೆ ಹೊರಿಸಿ ಹಗುರಾಗಿ ಓಡತೊಡಗುತ್ತದೆ. ಹೀಗೆ ಮೇಲಕ್ಕೆ ಎತ್ತುವ ಶಕ್ತಿಯು ಚಪ್ಪಟೆಯ ತಳಕ್ಕೆ ಅತ್ಯಂತ ಹೆಚ್ಚಾಗಿ ದೊರೆಯುವುದೆಂದೂ, ತಳದ ಇಳಿಜಾರು ಹೆಚ್ಚಿದಂತೆಲ್ಲ ಅದು ಕುಗ್ಗುವುದೆಂದೂ, ಅಮೆರಿಕದ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಯ ಡೇನಿಯಲ್ ಸವಿಟ್ಸ್ಕಿ 1964ರಲ್ಲಿ ಪ್ರಕಟಿಸಿದ ಸಮೀಕರಣಗಳು ಲೆಕ್ಕ ಸಮೇತ ತೋರಿಸುತ್ತವೆ. ವೇಗದ ದೋಣಿಗಳನ್ನು ರೂಪಿಸುವವರು ಇಂದಿಗೂ ಆ ಸಮೀಕರಣಗಳನ್ನು ಆಶ್ರಯಿಸುತ್ತಾರೆ.

ಇಷ್ಟನ್ನು ಕೇಳಿದವರಿಗೆ, ಆಳಕ್ಕಿಳಿಯದೆ ತೇಲುವುದೂ ಕಡಮೆ ಬಲದಿಂದ ಮೇಲೇಳುವುದೂ ಚಪ್ಪಟೆಯ ತಳದ ಗುಣಗಳಾದ ಮೇಲೆ ಇನ್ನೊಂದು ತಳವನ್ನು ಯಾರಾದರೂ ಏಕೆ ಬಯಸಬೇಕೆಂಬ ಸಂದೇಹ ಬರುವುದು ಸಹಜ. ಚಪ್ಪಟೆಯ ತಳದ ಸದ್ಗುಣಗಳನ್ನು ಕನ್ನಡನಾಡು ಬಹಳ ಹಿಂದೆಯೇ ಅರಿತಿತ್ತು. ತುಂಗಭದ್ರೆಯ ಮೇಲೆ ಇಂದಿಗೂ ಕಾಣಸಿಗುವ ಹರಿಗೋಲು ಆ ಅರಿವಿನ ಫಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆಗೆ ಹೊಳೆ ದಾಟಿಸುತ್ತಿದ್ದ ಈ ದುಂಡನೆಯ, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದುವೆಂದೂ, ಆದರೆ ಇತರ ದೋಣಿಗಳಂತೆ ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುತ್ತಿದ್ದುವೆಂದೂ ಬರೆದಿಟ್ಟಿದ್ದಾನೆ. ಬಂಡೆಗಳ ನಡುವಿನ ತೆಳುನೀರಿನಲ್ಲಿ ಅಷ್ಟು ಭಾರವನ್ನು ಹೊರುವುದು ಚಪ್ಪಟೆಯ ತಳದ ಗುಣವಾದರೆ, ನೀರನ್ನು ಹಿಡಿದು ದಿಕ್ಕನ್ನು ಕಾಯುವುದಕ್ಕೆ ಅಡಿಯಲ್ಲಿ ಏನೂ ಇಲ್ಲದಿರುವುದು ಅದರ ದೋಷ. ಇವೆರಡನ್ನೂ ಆ ಪರದೇಶದ ಪ್ರವಾಸಿ ಒಂದೇ ನೋಟದಲ್ಲಿ ಗ್ರಹಿಸಿದ್ದನು.

ಹರಿಗೋಲಿಗೆ ಎಂಜಿನ್ನಿನ ವೇಗವಿಲ್ಲವಾದುದರಿಂದ ಚಪ್ಪಟೆಯ ತಳದ ಮತ್ತೊಂದು ದೋಷ ಅದರಲ್ಲಿ ಪ್ರಕಟವಾಗಲಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ದೋಣಿಯು ಒಂದು ಅಲೆಯ ನೆತ್ತಿಯಿಂದ ಚಿಮ್ಮಿ ಮುಂದಿನ ಅಲೆಯ ಮೇಲೆ ಬೀಳುವಾಗ, ಚಪ್ಪಟೆಯ ತಳದ ಅಗಲವೆಲ್ಲವೂ ಒಂದೇ ಕ್ಷಣದಲ್ಲಿ ನೀರನ್ನು ಮುಟ್ಟುತ್ತದೆ; ನಿಲ್ಲಬೇಕಾದ ವೇಗವೆಲ್ಲ ಆ ಒಂದು ಕ್ಷಣದಲ್ಲಿಯೇ ನಿಲ್ಲಬೇಕಾಗುವುದರಿಂದ ಪೆಟ್ಟು ಅತಿ ಕಠೋರವಾಗುತ್ತದೆ. ಅದೇ ವಿ ಆಕಾರದ ತಳದಲ್ಲಿ ಮೊದಲು ಚೂಪಾದ ನಡುಗೆರೆ ನೀರನ್ನು ಹೊಕ್ಕು, ಅನಂತರ ಇಳಿಜಾರಿನ ಉಳಿದ ಭಾಗಗಳು ಒಂದಾದ ಮೇಲೊಂದು ಮುಳುಗುತ್ತ ಹೋಗುವುದರಿಂದ, ಅಷ್ಟೇ ಆಘಾತವು ಹೆಚ್ಚು ಕಾಲದ ಮೇಲೆ ಹಂಚಿಹೋಗಿ ಸಹ್ಯವಾಗುತ್ತದೆ. ಇದು ಕೇವಲ ಸುಖದ ಪ್ರಶ್ನೆಯಲ್ಲ. ಇಂಥ ಪೆಟ್ಟುಗಳಿಂದ ಬೆನ್ನೆಲುಬಿನ ಮಣಿಗಳು ಮುರಿದ ಪ್ರಕರಣಗಳು ವೇಗದ ದೋಣಿಗಳ ಚರಿತ್ರೆಯಲ್ಲಿ ಅಪರೂಪವಲ್ಲ. ದೋಣಿಯ ಬೆಸುಗೆ, ಹಲಗೆ, ಎಂಜಿನ್ ಕಟ್ಟಿದ ಭಾಗ ಎಲ್ಲವೂ ಇವುಗಳಿಂದ ಸಡಿಲಗೊಳ್ಳುತ್ತವೆ.

ಅಲೆಯನ್ನು ಸೀಳುವ ತಳದ ಕಲ್ಪನೆ ಹಳೆಯದೇ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ವೇಗದ ದೋಣಿಗಳನ್ನು ಕಟ್ಟುತ್ತಿದ್ದವರು, ಮೂತಿಯನ್ನಷ್ಟೇ ಚೂಪು ಮಾಡಿ, ಹಿಂದಕ್ಕೆ ಹೋದಂತೆಲ್ಲ ತಳವನ್ನು ಚಪ್ಪಟೆಗೊಳಿಸುತ್ತಿದ್ದರು. ಏಕೆಂದರೆ ಮೇಲೇಳುವುದಕ್ಕೆ ಚಪ್ಪಟೆಯ ತಳವೇ ಬೇಕೆಂಬುದು ಅವರ ನಂಬಿಕೆ. ವೇಗದಲ್ಲಿ ಮೂತಿ ನೀರಿನಿಂದ ಮೇಲೆದ್ದ ಬಳಿಕ ಅಲೆಯ ಹೊಡೆತ ಬೀಳುತ್ತಿದ್ದುದು ಹಿಂದಿನ ಆ ಚಪ್ಪಟೆಯ ಭಾಗದ ಮೇಲೆಯೇ. ಈ ಕ್ರಮವನ್ನು ಮುರಿದವನು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ರೇಮಂಡ್ ಹಂಟ್. ಆತನು ತಳದ ಇಳಿಜಾರನ್ನು ನಡುವಿನಿಂದ ಹಿಂಬದಿಯವರೆಗೂ ಕುಗ್ಗಿಸದೆ, ಸುಮಾರು 24 ಡಿಗ್ರಿಯ ಕೋನದಲ್ಲಿ ಹಾಗೆಯೇ ಕೊಂಡೊಯ್ದನು. ಇದರಿಂದ ಕಳೆದುಹೋಗುವ ಎತ್ತುವ ಶಕ್ತಿಯಲ್ಲಿ ಒಂದಂಶವನ್ನು ಮರಳಿ ಪಡೆಯಲು, ತಳದುದ್ದಕ್ಕೂ ಕಿರಿದಾದ ಪಟ್ಟಿಗಳನ್ನು ಕೂಡಿಸಿ, ಪಕ್ಕಕ್ಕೆ ಹರಿದುಹೋಗುವ ನೀರನ್ನು ಕೆಳಕ್ಕೆ ತಿರುಗಿಸಿದನು.

1958ರಲ್ಲಿ ನ್ಯೂಪೋರ್ಟಿನಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿಗಳ ಪಂದ್ಯದ ಪೂರ್ವಸ್ಪರ್ಧೆಗಳು ನಡೆಯುತ್ತಿದ್ದಾಗ, ಹಂಟನು ರೂಪಿಸಿದ ಹಾಯಿದೋಣಿಯ ಸೇವೆಗೆಂದು ಇದ್ದ ಇಂಥ ಸಣ್ಣ ಮೋಟಾರು ದೋಣಿಯೊಂದು ಕದಡಿದ ಕಡಲಿನಲ್ಲಿ ನಿರಾಯಾಸವಾಗಿ ಓಡುತ್ತಿದ್ದುದನ್ನು ರಿಚರ್ಡ್ ಬರ್ಟ್ರಮ್ ಎಂಬ ದೋಣಿವ್ಯಾಪಾರಿ ಕಂಡು ಬೆರಗಾದನು. ಅದೇ ತಳದ, ಸುಮಾರು 30 ಅಡಿಯ ಮರದ ದೋಣಿಯೊಂದನ್ನು ಕಟ್ಟಿಸಿ, ಮಾಪೀ ಎಂದು ಹೆಸರಿಟ್ಟು, 1960ರಲ್ಲಿ ಮಯಾಮಿಯಿಂದ ಬಹಾಮಾ ದ್ವೀಪಗಳ ನಸಾವ್ ಬಂದರಿನವರೆಗಿನ ಪಂದ್ಯಕ್ಕೆ ಇಳಿಸಿದನು. ಆ ದಿನ ಕಡಲು ಉಗ್ರವಾಗಿತ್ತು. ಸುಮಾರು 300 ಕಿಲೋಮೀಟರುಗಳ ಆ ದಾರಿಯನ್ನು ಮಾಪೀ ಎಂಟು ಗಂಟೆಗಳಲ್ಲಿ ಕ್ರಮಿಸಿ ಗೆದ್ದಿತು; ಎರಡನೆಯದಾಗಿ ಬಂದುದೂ ಹಂಟನ ತಳವನ್ನೇ ಹೊಂದಿದ್ದ, ಅದಕ್ಕಿಂತ ಚಿಕ್ಕದಾದ 23 ಅಡಿಯ ದೋಣಿ; ಮೂರನೆಯದು ಗುರಿ ಮುಟ್ಟಿದುದು ಮರುದಿನ. ಎಂಜಿನ್ನಿನ ಬಲಕ್ಕಿಂತ ತಳದ ಆಕಾರವೇ ಪ್ರಧಾನವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ. ಇಂದು ಕಡಲಿನಲ್ಲಿ ವೇಗವಾಗಿ ಓಡುವ ಸಣ್ಣ ದೋಣಿಗಳಲ್ಲಿ ಬಹುಪಾಲು ಆ ತಳದ ವಂಶಕ್ಕೆ ಸೇರಿದವುಗಳೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಕೊಳ್ಳುವವರಿಗೆ ಚಿಂತೆಯೇ ಇರುತ್ತಿರಲಿಲ್ಲ. ಆದರೆ ಗಮನಾರ್ಹವಾದ ಸಂಗತಿಯೆಂದರೆ, ಅದೇ ಹಂಟನು ಅದೇ ವರ್ಷಗಳಲ್ಲಿ, ಇದಕ್ಕೆ ಸಂಪೂರ್ಣ ವಿರುದ್ಧವಾದ ಮತ್ತೊಂದು ತಳಕ್ಕೂ ಜನ್ಮ ಕೊಟ್ಟನು. ರಿಚರ್ಡ್ ಫಿಷರ್ ಎಂಬ ಆತನ ಗೆಳೆಯನು, ಎರಡು ಫೈಬರ್ ಗ್ಲಾಸ್ ಪದರಗಳ ನಡುವೆ ಹಗುರವಾದ ನೊರೆಯ ಪದಾರ್ಥವನ್ನು ತುಂಬಿ, ಎಂದಿಗೂ ಮುಳುಗದ ಸಣ್ಣ ದೋಣಿಯೊಂದನ್ನು ಮಾಡಬೇಕೆಂದು ಯೋಚಿಸುತ್ತಿದ್ದನು. ಅದಕ್ಕಾಗಿ ಹಂಟನು, ಆಲ್ಬರ್ಟ್ ಹಿಕ್‌ಮನ್ ಎಂಬಾತನು ಶತಮಾನದ ಆದಿಯಲ್ಲಿ ರೂಪಿಸಿದ್ದ ಸೀ ಸ್ಲೆಡ್ ಎಂಬ ದೋಣಿಯ ಮಾದರಿಯನ್ನು ಅನುಸರಿಸಿ, ಎರಡು ಪಕ್ಕಗಳಲ್ಲಿ ಇಳಿದು ನಡುವೆ ಟೊಳ್ಳಾಗಿರುವ ತಳವನ್ನು ಬರೆದುಕೊಟ್ಟನು. ಆ ಟೊಳ್ಳಿನಲ್ಲಿ ಗಾಳಿ ಬೆರೆತ ನೀರು ಹರಿದು ಬಂದು ಎಂಜಿನ್ನಿನ ಪಂಖವು ಹಿಡಿತ ತಪ್ಪುತ್ತಿದ್ದುದರಿಂದ, ನಡುವೆ ಮೂರನೆಯದೊಂದು ಒಡಲನ್ನು ಇಳಿಸಬೇಕಾಯಿತು. ಹೀಗೆ ಮೂರು ಉಬ್ಬುಗಳುಳ್ಳ, ಮೇಲಿನಿಂದ ನೋಡಿದರೆ ಮೂತಿಯವರೆಗೂ ಚೌಕವಾಗಿಯೇ ಕಾಣುವ 13 ಅಡಿಯ ದೋಣಿಯು 1958ರಲ್ಲಿ ಬಾಸ್ಟನ್ ವೇಲರ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1961ರಲ್ಲಿ ಲೈಫ್ ಪತ್ರಿಕೆಯು, ಫಿಷರನು ಕುಳಿತಿದ್ದಂತೆಯೇ ಆ ದೋಣಿಯನ್ನು ನೀರಿನ ಮೇಲೆ ಗರಗಸದಿಂದ ಎರಡಾಗಿ ಕೊಯ್ದುದನ್ನೂ, ಎಂಜಿನ್ ಇದ್ದ ಹಿಂದಿನ ಅರ್ಧದಲ್ಲಿ ಆತನು ಓಡಿಸಿಕೊಂಡು ಹೋದುದನ್ನೂ ಚಿತ್ರಗಳ ಮೂಲಕ ತೋರಿಸಿದಾಗ, ಅದರ ಕೀರ್ತಿ ದೇಶದಲ್ಲೆಲ್ಲ ಹಬ್ಬಿತು.

ಒಬ್ಬನೇ ಶಿಲ್ಪಿಯು ಒಂದೇ ಕಾಲದಲ್ಲಿ ಎರಡು ವಿರುದ್ಧ ತಳಗಳನ್ನು ರೂಪಿಸಿದುದರಲ್ಲಿ ವಿರೋಧಾಭಾಸವೇನೂ ಇಲ್ಲ. ಕೇಳಿದ ಕೆಲಸವೇ ಬೇರೆ ಬೇರೆಯಾಗಿತ್ತು. ಒಂದು, ತೆರೆದ ಕಡಲಿನಲ್ಲಿ ವೇಗವನ್ನು ಕಳೆದುಕೊಳ್ಳದೆ ಓಡಬೇಕಾಗಿತ್ತು. ಇನ್ನೊಂದು, ಕೊಲ್ಲಿಯ ಒಳಗೆ, ಸಣ್ಣ ಎಂಜಿನ್ನಿನಿಂದ, ಜನರು ಎದ್ದು ನಿಂತು ಮೀನು ಹಿಡಿಯುವಾಗಲೂ ಓಲಾಡದೆ ನಿಲ್ಲಬೇಕಾಗಿತ್ತು. ಮೂರು ಉಬ್ಬುಗಳ ತಳವು ಗುಣದಲ್ಲಿ ಚಪ್ಪಟೆಯ ತಳಕ್ಕೆ ಬಂಧು. ಅಗಲದ ಅಂಚಿನಲ್ಲಿಯೇ ತೇಲುವ ಬಲವನ್ನಿಟ್ಟುಕೊಂಡು ಅಚಲವಾಗಿ ನಿಲ್ಲುತ್ತದೆ, ಕಡಮೆ ಬಲದಿಂದ ಮೇಲೇಳುತ್ತದೆ, ಆದರೆ ಎದುರಲೆಯಲ್ಲಿ ಬಲವಾಗಿ ಬಡಿಯುತ್ತದೆ. ಆದುದರಿಂದ ದೋಣಿಯನ್ನು ಆರಿಸುವವರು, ಹಂಟನಿಗೆ ಆತನ ಗಿರಾಕಿಗಳು ಹೇಳಿದಂತೆಯೇ, ತಮಗೆ ಬೇಕಾದ ಕೆಲಸವನ್ನು ಮೊದಲು ತಾವೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಈ ವಿಚಾರದಲ್ಲಿ ಜನರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಸ್ಥಿರತೆಯ ಪ್ರಶ್ನೆ. ದಡದಲ್ಲಿ ಕಟ್ಟಿದ ಎರಡು ದೋಣಿಗಳೊಳಕ್ಕೆ ಕಾಲಿಟ್ಟು ನೋಡಿದರೆ, ಚಪ್ಪಟೆಯ ತಳದ್ದು ಅಲ್ಲಾಡದೆ ನಿಲ್ಲುತ್ತದೆ. ವಿ ತಳದ್ದು ಕಾಲಿಟ್ಟ ಕಡೆಗೆ ಒಡನೆಯೇ ವಾಲುತ್ತದೆ. ಇದನ್ನು ಕಂಡವರು ಮೊದಲನೆಯದೇ ಸುರಕ್ಷಿತವೆಂದು ನಿರ್ಣಯಿಸುವುದುಂಟು. ಇದು ಅರ್ಧಸತ್ಯ. ದೋಣಿ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ಮಾಡುವುದು, ವಾಲಿದ ಕಡೆಗೆ ಸರಿಯುವ ನೀರಿನ ಎತ್ತುವಿಕೆ. ಚಪ್ಪಟೆಯ ತಳದಲ್ಲಿ ಈ ಸರಿಯುವಿಕೆ ಮೊದಲ ಕೆಲವು ಡಿಗ್ರಿಗಳಲ್ಲಿಯೇ ಬಹಳವಾಗಿ ಆಗುವುದರಿಂದ ಅದು ಗಟ್ಟಿಯಾಗಿ ನಿಂತಂತೆ ಭಾಸವಾಗುತ್ತದೆ. ಆದರೆ ಪಕ್ಕದ ಅಂಚು ತಗ್ಗಾಗಿದ್ದು, ವಾಲುವಿಕೆ ಒಂದು ಮಿತಿಯನ್ನು ದಾಟಿತೆಂದರೆ, ಆ ಬಲ ಹಠಾತ್ತಾಗಿ ಕುಸಿದು, ದೋಣಿ ಮುನ್ಸೂಚನೆಯಿಲ್ಲದೆ ಮಗುಚಿಕೊಳ್ಳಬಹುದು. ವಿ ತಳವು ಮೊದಲು ಸುಲಭವಾಗಿ ವಾಲಿದರೂ, ತಳವೂ ಪಕ್ಕದ ಗೋಡೆಯೂ ಕೂಡುವ ಅಂಚು ನೀರನ್ನು ಮುಟ್ಟಿದೊಡನೆ ಬಲವಾಗಿ ತಡೆಯುತ್ತದೆ. ಮತ್ತೊಂದು ವಿಷಯವನ್ನೂ ಇಲ್ಲಿ ನೆನೆಯಬೇಕು. ಚಪ್ಪಟೆಯ ತಳವು ನೀರಿನ ಮೇಲ್ಮೈಗೆ ಸಮಾನಾಂತರವಾಗಿರಲು ಯತ್ನಿಸುತ್ತದೆ. ನೀರು ಮಟ್ಟಸವಾಗಿದ್ದಾಗ ಇದು ವರವಾದರೂ, ಪಕ್ಕದಿಂದ ಅಲೆ ಬಂದಾಗ ನೀರಿನ ಮೇಲ್ಮೈಯೇ ಓರೆಯಾಗುವುದರಿಂದ ದೋಣಿಯೂ ಅದರೊಡನೆ ಓರೆಯಾಗುತ್ತದೆ. ಎರಡರಲ್ಲಿ ಯಾವುದೇ ಆದರೂ, ಒಳಗೆ ಸೇರಿದ ನೀರು ವಾಲಿದ ಕಡೆಗೇ ಹರಿದು ಅಪಾಯವನ್ನು ಹೆಚ್ಚಿಸುವುದರಿಂದ, ತಳದಲ್ಲಿ ನೀರು ನಿಲ್ಲಲು ಬಿಡಬಾರದು.

ವ್ಯಯದ ಲೆಕ್ಕ ಇಷ್ಟು ಸೂಕ್ಷ್ಮವಲ್ಲ. ಸಮಾನವಾದ ಉದ್ದ ಮತ್ತು ಭಾರಕ್ಕೆ, ವಿ ತಳವನ್ನು ನೀರಿನ ಮೇಲೇರಿಸಲು ಹೆಚ್ಚಿನ ಅಶ್ವಶಕ್ತಿಯ ಎಂಜಿನ್ ಬೇಕು. ಎಂಜಿನ್ ದೊಡ್ಡದಾದರೆ ಅದರ ಬೆಲೆ, ಅದರ ತೂಕ, ಅದು ಕುಡಿಯುವ ಪೆಟ್ರೋಲು ಮೂರೂ ಏರುತ್ತವೆ. ಚಪ್ಪಟೆಯ ದೋಣಿ ಗೇಣಾಳದ ನೀರಿನಲ್ಲಿ ಸಾಗಿ, ಮರಳಿನ ದಂಡೆಯ ಮೇಲೆ ಎಳೆದರೆ ನೆಟ್ಟಗೆ ಕೂರುತ್ತದೆ; ವಿ ತಳದ್ದು ದಂಡೆಯಲ್ಲಿ ಒಂದು ಪಕ್ಕಕ್ಕೆ ಒರಗುತ್ತದೆ. ಆದರೆ ತೆಳುನೀರಿನ ಲೆಕ್ಕ ಹಾಕುವಾಗ, ಎರಡೂ ದೋಣಿಗಳಲ್ಲಿ ಪಂಖವನ್ನು ಹೊತ್ತ ಎಂಜಿನ್ನಿನ ಕಾಲು ತಳಕ್ಕಿಂತ ಕೆಳಗೆ ಇಳಿದಿರುವುದೆಂಬುದನ್ನು ಮರೆಯಬಾರದು. ನೆಲಕ್ಕೆ ಮೊದಲು ತಗಲುವುದು ಆ ಕಾಲೇ ಹೊರತು ದೋಣಿಯ ತಳವಲ್ಲ.

ದಿಕ್ಕನ್ನು ಕಾಯುವ ಗುಣದಲ್ಲಿ ವಿ ತಳವೇ ಮೇಲು. ತಿರುವಿನಲ್ಲಿ ಅದು ಒಳಮಗ್ಗುಲಿಗೆ ವಾಲಿ ನೀರನ್ನು ಹಿಡಿದುಕೊಂಡು ತಿರುಗುತ್ತದೆ. ಚಪ್ಪಟೆಯದು ಪಕ್ಕಕ್ಕೆ ಜಾರುತ್ತದೆ. ಗಾಳಿ ಬೀಸುವಾಗ ಚಪ್ಪಟೆಯ ಹಗುರ ದೋಣಿಯನ್ನು ನಿಧಾನವಾಗಿ ದಡಕ್ಕೆ ತರುವುದು ಪ್ರಯಾಸದ ಕೆಲಸ. ಹಿಂದಿನಿಂದ ಅಲೆಗಳು ಅಟ್ಟಿಕೊಂಡು ಬರುವಾಗ ಈ ಭೇದ ಪ್ರಾಣಕ್ಕೇ ಸಂಬಂಧಿಸಿದ್ದಾಗುತ್ತದೆ. ಅಲೆಯ ಇಳಿಜಾರಿನಲ್ಲಿ ಜಾರುವ ದೋಣಿಯ ಹಿಂಬದಿ ಒಂದು ಕಡೆಗೆ ಸರಿದರೆ, ಅದು ಅಡ್ಡಲಾಗಿ ತಿರುಗಿ, ಮುಂದಿನ ಅಲೆಗೆ ತನ್ನ ಪಕ್ಕವನ್ನೇ ಒಡ್ಡಿ ಮಗುಚಿಕೊಳ್ಳುತ್ತದೆ.

ಈ ಮಾತು ನಮ್ಮ ಕರಾವಳಿಗೆ ನೇರವಾಗಿ ಅನ್ವಯಿಸುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ಹೊಳೆಗಳು ಕಡಲನ್ನು ಸೇರುವಲ್ಲಿ ಮರಳಿನ ದಿಬ್ಬಗಳು ಬೆಳೆಯುತ್ತವೆ. ಆಳದಿಂದ ಬಂದ ಕಡಲಿನ ಅಲೆ ಅಲ್ಲಿ ತೆಳುನೀರನ್ನು ಕಂಡು ಕಡಿದಾಗಿ ಎದ್ದು ಮುರಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳೆತವು ಹೊರಕ್ಕೆ ಧಾವಿಸುತ್ತಿರುವಾಗ, ಎದುರಿನಿಂದ ಬರುವ ಅಲೆ ಇನ್ನಷ್ಟು ಕಡಿದಾಗುತ್ತದೆ. ಅಳಿವೆಯ ಒಳಗೆ ಒಂದು ಫರ್ಲಾಂಗಿನಷ್ಟು ದೂರದಲ್ಲಿ ಕನ್ನಡಿಯಂಥ ನೀರಿರುವಾಗಲೇ ಅಳಿವೆಯ ಬಾಯಿ ದಾಟಲಾಗದಂತೆ ಇರಬಹುದು. ಮರಳಿನ ದಂಡೆಯಿಂದಲೇ ಕಡಲಿಗಿಳಿಯುವ ಮೀನುಗಾರರ ನಾಡದೋಣಿಗಳ ಮೂತಿ ಕಿರಿದಾಗಿ ಮೇಲಕ್ಕೆ ಚಾಚಿರುವುದು ಅಲಂಕಾರಕ್ಕಾಗಿ ಅಲ್ಲ. ಮುರಿಯುವ ಅಲೆಯನ್ನು ಎದುರಿಸಿ ಏರುವುದಕ್ಕಾಗಿ. ಹೊಳೆಯೊಳಗೇ ಇದ್ದು, ದಡದಿಂದ ದಡಕ್ಕೆ ಜನರನ್ನೂ ಸಾಮಾನನ್ನೂ ಸಾಗಿಸುವವರಿಗೆ ಚಪ್ಪಟೆಯ ತಳ ಸಾಕು. ಅಳಿವೆಯನ್ನು ದಾಟುವವರಿಗೆ ಅದು ಸಲ್ಲದು.

ಮಲೆನಾಡಿನ ಹಿನ್ನೀರುಗಳ ವಿಷಯ ಸ್ವಲ್ಪ ಬೇರೆ. ಲಿಂಗನಮಕ್ಕಿ, ಭದ್ರಾ ಮೊದಲಾದ ಜಲಾಶಯಗಳ ಅಂಚಿನಲ್ಲಿ ನೀರು ತೆಳುವಾಗಿದ್ದು, ಮುಳುಗಡೆಯಾದ ಮರಗಳ ಬೊಡ್ಡೆಗಳು ನೀರಿನಡಿಯಲ್ಲಿ ಅಡಗಿರುತ್ತವೆ. ಇಲ್ಲಿ ಹೆಚ್ಚು ಆಳಕ್ಕಿಳಿಯದ, ನಿಧಾನವಾಗಿ ಸಾಗುವ ದೋಣಿಯೇ ಯುಕ್ತ. ಆದರೆ ಹಿನ್ನೀರೆಂದರೆ ಸದಾ ಪ್ರಶಾಂತವೆಂದು ಬಗೆಯುವುದು ಅಪಾಯಕರ. ಅಲೆಯ ಎತ್ತರವು ಗಾಳಿಯ ವೇಗವನ್ನಷ್ಟೇ ಅಲ್ಲದೆ, ಆ ಗಾಳಿ ಎಷ್ಟು ಹೊತ್ತು, ಎಷ್ಟು ದೂರದ ತೆರೆದ ನೀರಿನ ಮೇಲೆ ಬೀಸಿತೆಂಬುದನ್ನೂ ಅವಲಂಬಿಸಿರುತ್ತದೆ. ಹಲವು ಮೈಲಿಗಳ ಹರವುಳ್ಳ ಜಲಾಶಯದಲ್ಲಿ, ಮುಂಗಾರಿಗೆ ಮುಂಚಿನ ಸಂಜೆಯ ಬಿರುಗಾಳಿಯು ಅಲ್ಪಕಾಲದಲ್ಲಿಯೇ ಗಿಡ್ಡವಾದ, ಕಡಿದಾದ, ಒತ್ತೊತ್ತಾದ ಅಲೆಗಳನ್ನು ಎಬ್ಬಿಸಬಲ್ಲದು. ಇಂಥ ವಿಶಾಲವಾದ ಹರವನ್ನು ದಿನವೂ ದಾಟಬೇಕಾದವರು, ಎರಡು ತುದಿಗಳ ನಡುವಿನ ಮಾರ್ಗವನ್ನು ಹಿಡಿಯುವುದು ಒಳ್ಳೆಯದು; ಹಿಂಬದಿಯಲ್ಲಿ 12ರಿಂದ 16 ಡಿಗ್ರಿಗಳ ಮಿತವಾದ ಇಳಿಜಾರುಳ್ಳ ತಳಗಳೂ ದೊರೆಯುತ್ತವೆ. ಅವು ಎರಡು ಗುಣಗಳಲ್ಲಿಯೂ ಸ್ವಲ್ಪ ಸ್ವಲ್ಪವನ್ನು ಬಿಟ್ಟುಕೊಟ್ಟು, ಎರಡರಲ್ಲಿಯೂ ಸಾಕಷ್ಟನ್ನು ಉಳಿಸಿಕೊಂಡಿರುತ್ತವೆ.

ದೋಣಿಯ ಬಡಿತದ ಬಗ್ಗೆ ಯೋಚಿಸುವಾಗ ಒಂದು ಅಂಶವನ್ನು ಮರೆಯಬಾರದು. ಚಪ್ಪಟೆಯ ತಳದ ಪೆಟ್ಟಿಗೆ ಮದ್ದಿಲ್ಲವೆಂದೇನೂ ಅಲ್ಲ. ವೇಗವನ್ನು ತಗ್ಗಿಸಿದರೆ ಪೆಟ್ಟೂ ತಗ್ಗುತ್ತದೆ. ಹಾಗಾದರೆ ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ, ವರ್ಷದಲ್ಲಿ ಎಷ್ಟು ಸಲ ನಾನು ಹೀಗೆ ನಿಧಾನಿಸಬೇಕಾದೀತು ಎಂಬುದು. ತಿಂಗಳಿಗೊಮ್ಮೆ ಗಾಳಿಯ ದಿನ ಅರ್ಧ ಗಂಟೆ ತಡವಾಗಿ ಮನೆ ಸೇರಿದರೆ ನಷ್ಟವೇನಿಲ್ಲ. ಅದಕ್ಕಾಗಿ ವರ್ಷವಿಡೀ ಹೆಚ್ಚಿನ ಪೆಟ್ರೋಲನ್ನು ಸುಡುವುದು ಜಾಣತನವಲ್ಲ. ದಿನವೂ ಅಲೆಯಲ್ಲಿಯೇ ಓಡಾಡಬೇಕಾದವರಿಗಾದರೋ, ಆ ಹೆಚ್ಚಿನ ಇಂಧನದ ವೆಚ್ಚ ತಮ್ಮ ಬೆನ್ನನ್ನೂ ದೋಣಿಯನ್ನೂ ಕಾಯುವ ಬೆಲೆ.

ಇಷ್ಟೆಲ್ಲ ಯೋಚಿಸಿದ ಮೇಲೂ, ನೀರಿನಲ್ಲಿ ಓಡಿಸಿ ನೋಡದೆ ದೋಣಿಯನ್ನು ಕೊಳ್ಳಬಾರದು. ಮಾರುವವರು ಸಾಮಾನ್ಯವಾಗಿ ಒಬ್ಬರನ್ನೇ ಕೂರಿಸಿಕೊಂಡು, ಬೆಳಗಿನ ನಿಶ್ಚಲವಾದ ನೀರಿನಲ್ಲಿ ತೋರಿಸುತ್ತಾರೆ. ಆಗ ಎರಡು ದೋಣಿಗಳೂ ಒಂದೇ ರೀತಿ ಸೊಗಸಾಗಿ ಓಡುತ್ತವೆ. ಗಾಳಿಯಿರುವ ಮಧ್ಯಾಹ್ನ, ನೀವು ಸಾಗಿಸಲಿರುವಷ್ಟೇ ಜನರನ್ನೂ ಭಾರವನ್ನೂ ಹೇರಿಕೊಂಡು ಹೋಗಬೇಕೆಂದು ಒತ್ತಾಯಿಸಿ. ಎದುರಲೆ, ಪಕ್ಕದಲೆ, ಹಿಂದಲೆ ಈ ಮೂರು ದಿಕ್ಕುಗಳಲ್ಲಿಯೂ ಓಡಿಸಿ; ಎಂಜಿನ್ನನ್ನು ನಿಲ್ಲಿಸಿ, ಇಬ್ಬರು ಒಂದೇ ಪಕ್ಕದಲ್ಲಿ ನಿಂತು, ದೋಣಿ ಎಷ್ಟು ವಾಲುವುದೆಂದು ನೋಡಿ; ತುಂಬು ಭಾರದಿಂದ ನೀರಿನ ಮೇಲೇಳಲು ಎಂಜಿನ್ ಹೆಣಗುತ್ತಿದೆಯೇ ಎಂಬುದನ್ನು ಗಮನಿಸಿ. ದಡಕ್ಕೆ ತಂದ ಮೇಲೆ, ಎಂಜಿನ್ನಿನ ಕಾಲಿನ ಉದ್ದವು ದೋಣಿಯ ಹಿಂಬದಿಯ ಹಲಗೆಗೆ ಹೊಂದುವುದೋ, ಪಂಖದ ಮೇಲಿರುವ ಅಡ್ಡ ತಟ್ಟೆಯು ತಳದ ಮಟ್ಟಕ್ಕೆ ಬರುವುದೋ ಪರೀಕ್ಷಿಸಿ. ಕಾಲು ಗಿಡ್ಡವಾದರೆ ಪಂಖವು ಗಾಳಿಯನ್ನು ಸೆಳೆದು ಹಿಡಿತ ತಪ್ಪುತ್ತದೆ, ಉದ್ದವಾದರೆ ವ್ಯರ್ಥವಾಗಿ ನೀರನ್ನು ಎಳೆಯುತ್ತದೆ. ದೋಣಿ ತಾಳಬಲ್ಲ ಗರಿಷ್ಠ ಭಾರ ಮತ್ತು ಅಶ್ವಶಕ್ತಿಗಳೇನೆಂಬುದನ್ನು ತಯಾರಕರಿಂದ ಬರೆಹದಲ್ಲಿ ಪಡೆಯಿರಿ. ಒಳನಾಡಿನ ನೀರಿನಲ್ಲಿ ಯಂತ್ರಚಾಲಿತ ದೋಣಿಗಳ ನೋಂದಣಿ ಮತ್ತು ತಪಾಸಣೆಗಾಗಿ 2021ರ ಕಾಯಿದೆಯೊಂದಿರುವುದರಿಂದ, ಆ ಕಾಗದಗಳನ್ನೂ ಕೊಳ್ಳುವಾಗಲೇ ಕೇಳುವುದು ವಿಹಿತ.

ಒಟ್ಟಿನಲ್ಲಿ ಹೇಳತಕ್ಕದ್ದು ಇಷ್ಟು. ನಿಮ್ಮ ದೋಣಿಯ ಗಂಟೆಗಳಲ್ಲಿ ಬಹುಪಾಲು ಹೊಳೆಯಲ್ಲಿ, ಕೆರೆಯಲ್ಲಿ, ಹಿನ್ನೀರಿನ ಅಂಚಿನಲ್ಲಿ ಕಳೆಯುವುದಾದರೆ, ನಿಂತು ಮಾಡುವ ಕೆಲಸವೇ ಹೆಚ್ಚಾದರೆ, ಇಂಧನದ ಖರ್ಚು ಭಾರವಾಗುವುದಾದರೆ, ಚಪ್ಪಟೆಯ ಅಥವಾ ಮೂರು ಉಬ್ಬುಗಳ ತಳದ ದೋಣಿಯನ್ನು ನಿಸ್ಸಂಕೋಚವಾಗಿ ಕೊಳ್ಳಿ. ವಿಶಾಲವಾದ ಹರವನ್ನು ದಿನವೂ ದಾಟುವವರು ಮಿತವಾದ ಇಳಿಜಾರನ್ನೂ, ಅಳಿವೆಯನ್ನು ದಾಟಿ ಕಡಲಿಗೆ ಹೋಗುವವರು, ವರ್ಷಕ್ಕೆ ಕೆಲವೇ ಸಲವಾದರೂ ಸರಿ, ಆಳವಾದ ವಿ ತಳವನ್ನೂ ಆರಿಸಿಕೊಳ್ಳಿ. ಸುಖದ ಲೆಕ್ಕವನ್ನು ಸಾಧಾರಣ ದಿನದಿಂದ ಹಾಕಬಹುದು. ಸುರಕ್ಷತೆಯ ಲೆಕ್ಕವನ್ನು ಅತ್ಯಂತ ಕೆಟ್ಟ ದಿನದಿಂದಲೇ ಹಾಕಬೇಕು. ಯಾವ ತಳವನ್ನು ಕೊಂಡರೂ, ದೋಣಿಯಲ್ಲಿ ಎಷ್ಟು ಜನರಿರುವರೋ ಅಷ್ಟು ಜೀವರಕ್ಷಕ ಜಾಕೆಟುಗಳನ್ನು ಕೊಂಡು, ಪೆಟ್ಟಿಗೆಯಲ್ಲಿ ಮಡಿಸಿಡದೆ, ದಡ ಬಿಡುವ ಮುನ್ನವೇ ಎಲ್ಲರೂ ತೊಟ್ಟುಕೊಳ್ಳಿ.